ಮನೆಯಲ್ಲಿ ಬಿಯರ್: ಮೊದಲ ಬ್ಯಾಚ್ ಕೆಡದಂತೆ ಮಾಡುವ ಕ್ರಮ

ಬಿಯರ್ ಹುಳಿಯಾಯಿತು. ಗ್ಯಾಸೇ ಬರಲಿಲ್ಲ. ಗಾಯದ ಪಟ್ಟಿಯ ವಾಸನೆ ಬರ್ತಿದೆ. ಕಪಾಟಿನಲ್ಲಿಟ್ಟ ಬಾಟಲಿ ಸಿಡಿಯಿತು. ಹೊಸದಾಗಿ ಬಿಯರ್ ಮಾಡುವವರಿಂದ ಮತ್ತೆ ಮತ್ತೆ ಬರುವ ದೂರುಗಳು ಇವೇ. ಸ್ವಲ್ಪ ಗಮನಿಸಿದರೆ ಒಂದು ವಿಷಯ ಕಾಣುತ್ತದೆ: ಹೆಚ್ಚುಕಮ್ಮಿ ಎಲ್ಲವೂ ಒಲೆ ಆರಿಸಿದ ಮೇಲೆ ಆಗುವ ತಪ್ಪುಗಳು. ಆದರೆ ಹೊಸಬರ ದುಡ್ಡು, ಗಮನ ಎರಡೂ ಹೋಗುವುದು ಪಾತ್ರೆ ಮತ್ತು ಒಲೆಯ ಮೇಲೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕುದಿಸುವ ಭಾಗ ಬೇಗ ಮುಗಿಯುತ್ತದೆ. ತೊಳೆಯುವುದು, ತಣಿಸುವುದು, ಹುದುಗುವಾಗಿನ ಶಾಖ, ಬಾಟಲಿ ತುಂಬುವುದು, ಇವುಗಳ ಬಗ್ಗೆ ಜಾಸ್ತಿ ಇದೆ.

## ಶುರು ಮಾಡುವ ಮುಂಚೆ

ಮೊದಲು ಕಾನೂನು ನೋಡಿಕೊಳ್ಳಿ. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಕೆಲವು ಕಡೆ ಪೂರ್ತಿ ಅವಕಾಶ ಇದೆ, ಕೆಲವು ಕಡೆ ಇಷ್ಟೇ ಲೀಟರ್ ಅಂತ ಮಿತಿ ಇದೆ, ಇನ್ನು ಕೆಲವು ಕಡೆ ಮಾಡುವಂತೆಯೇ ಇಲ್ಲ. ನೀವಿರುವ ಜಾಗದ ನಿಯಮ ತಿಳಿದ ಮೇಲೆಯೇ ಸಾಮಾನು ಕೊಳ್ಳಿ. ಮಾಡಿದ ಬಿಯರ್ ಮಾರುವುದಕ್ಕೆ ಎಲ್ಲ ಕಡೆ ಬೇರೆಯೇ ನಿಯಮ. ಇನ್ನು ಭಟ್ಟಿ ಇಳಿಸುವ ಯೋಚನೆಯೇ ಬೇಡ. ಅದು ಬೇರೆ ಕೆಲಸ, ಅದರ ಅಪಾಯವೂ ಬೇರೆ.

ಮನೆಯ ಬಿಯರ್ ಕುಡಿದರೆ ಕಣ್ಣು ಹೋಗುತ್ತದೆ ಅನ್ನುವ ಭಯ ಹಲವರಿಗಿದೆ. ಬಾರ್ಲಿ ಹುದುಗಿದಾಗ ಬರುವ ಮೆಥನಾಲ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಇಲ್ಲಿ ನಿಜವಾದ ಅಪಾಯಗಳು ಬಿಸಿ ರಸ (ಬಾರ್ಲಿ ಕಾಳು ನೆನೆಸಿ ತೆಗೆದ ಸಿಹಿ ನೀರು) ಮೈಮೇಲೆ ಬೀಳುವುದು ಮತ್ತು ಬಾಟಲಿ ಸಿಡಿಯುವುದು.

ಮೊದಲ ಬ್ಯಾಚ್ 10 ಲೀಟರ್ ಇರಲಿ. ಪುಸ್ತಕಗಳ ರೆಸಿಪಿ ಹೆಚ್ಚಾಗಿ 19 ಅಥವಾ 20 ಲೀಟರಿಗೆ ಇರುತ್ತದೆ. ಅಷ್ಟು ಬಿಸಿ ರಸವನ್ನು ಎತ್ತುವುದು ಕಷ್ಟ, ತಣಿಸುವುದು ಇನ್ನೂ ಕಷ್ಟ. 10 ಲೀಟರ್ ಆದರೆ ಅಡುಗೆಮನೆಯ ಒಲೆ ಸಾಕು. ಕೊನೆಗೆ 330 ಮಿಲಿಯ 27 ಬಾಟಲಿಗಳಷ್ಟು ಸಿಗುತ್ತದೆ.

ಮಾಡುವುದು ಪೇಲ್ ಏಲ್ (18ರಿಂದ 20 ಡಿಗ್ರಿಯಲ್ಲಿ ಹುದುಗುವ ಬಗೆ) ಆಗಿರಲಿ, ಲಾಗರ್ (ತಣ್ಣಗೆ ಹುದುಗುವ ಬಗೆ) ಬೇಡ. ಲಾಗರ್ ಯೀಸ್ಟಿಗೆ 10ರಿಂದ 13 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಇಡಬೇಕು. ಅದಕ್ಕೆಂದೇ ಒಂದು ಫ್ರಿಜ್ ಬೇಕಾಗುತ್ತದೆ.

## ಹಂತ 1: ಸಾಮಾನು ಕೂಡಿಸುವುದು

ಬೇಕಾದ್ದು ಇಷ್ಟು:

- 20ರಿಂದ 25 ಲೀಟರಿನ ಸ್ಟೀಲ್ ಪಾತ್ರೆ, ಮುಚ್ಚಳದ ಜೊತೆ
- ಆ ಪಾತ್ರೆಯೊಳಗೆ ಪೂರ್ತಿ ಹರಡಿಕೊಳ್ಳುವ, ಸಣ್ಣ ಕಣ್ಣಿನ ಬಲೆ ಚೀಲ
- ಡಿಜಿಟಲ್ ಥರ್ಮಾಮೀಟರ್
- 15 ಲೀಟರಿನ ಫುಡ್ ಗ್ರೇಡ್ ಪ್ಲಾಸ್ಟಿಕ್ ಬಕೆಟ್, ಬಿಗಿ ಮುಚ್ಚಳ ಮತ್ತು ತಳದಲ್ಲಿ ನಲ್ಲಿ ಇರುವಂಥದ್ದು
- ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಕೊಳವೆ) ಮತ್ತು ಅದನ್ನು ಕೂರಿಸಲು ರಬ್ಬರ್ ಬಿರಡೆ
- ಹೈಡ್ರೋಮೀಟರ್ (ರಸ ನೀರಿಗಿಂತ ಎಷ್ಟು ಸಾಂದ್ರ, ಅಂದರೆ ಎಷ್ಟು ಸಕ್ಕರೆ ಇದೆ ಅಂತ ತೋರಿಸುವ ತೇಲುವ ಕಡ್ಡಿ; ನೀರು 1.000), ಜೊತೆಗೆ ಉದ್ದನೆಯ ಅಳತೆ ಕೊಳವೆ
- ಒಂದು ಗ್ರಾಂವರೆಗೆ ತೋರಿಸುವ ತೂಕದ ಯಂತ್ರ
- ಸೈಫನ್ ಪೈಪು (ಮೇಲಿನ ಪಾತ್ರೆಯಿಂದ ಕೆಳಗಿನದಕ್ಕೆ ಬಿಯರ್ ಹರಿಸುವ ಪೈಪು) ಮತ್ತು ಬಾಟಲಿ ತುಂಬುವ ಕೋಲು
- ಬಾಟಲಿ, ಲೋಹದ ಮುಚ್ಚಳ, ಮುಚ್ಚಳ ಒತ್ತುವ ಕ್ಯಾಪರ್
- ತೊಳೆಯುವ ಪುಡಿ, ಸ್ಯಾನಿಟೈಸರ್, ಒಂದು ಸ್ಪ್ರೇ ಬಾಟಲಿ

ಹುದುಗಿಸಲು ಗಾಜಿನ ದೊಡ್ಡ ಜಾರ್ ನೋಡಲು ಚೆಂದ. ಆದರೆ ಒದ್ದೆ ಕೈಯಿಂದ ಜಾರಿ ಒಡೆದರೆ ಕೈ ಕಾಲು ಕೊಯ್ಯುತ್ತದೆ. ಮೊದಲಿಗೆ ಪ್ಲಾಸ್ಟಿಕ್ಕೇ ಸರಿ. ಒಂದೇ ಎಚ್ಚರ, ಅದರ ಒಳಮೈಯನ್ನು ಒರಟು ಬ್ರಷ್ಷಿನಿಂದ ಉಜ್ಜಬಾರದು. ಗೀರು ಬಿದ್ದರೆ ಅದರೊಳಗೆ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ, ಸ್ಯಾನಿಟೈಸರ್ ಅಲ್ಲಿಗೆ ಮುಟ್ಟುವುದಿಲ್ಲ.

ಶಂಕುವಿನಾಕಾರದ ಸ್ಟೀಲ್ ಫರ್ಮೆಂಟರ್, ಪಂಪು, ಎಲ್ಲ ತಾನೇ ಮಾಡುವ ವಿದ್ಯುತ್ ಯಂತ್ರ, ಇವನ್ನೆಲ್ಲ ಈಗ ಕೊಳ್ಳಬೇಡಿ. ಇವು ಕೆಲಸ ಹಗುರ ಮಾಡುತ್ತವೆ, ಬಿಯರ್ ಕೆಡುವುದನ್ನು ತಡೆಯುವುದಿಲ್ಲ. ಹೈಡ್ರೋಮೀಟರ್ ಬಿಟ್ಟು ರಿಫ್ರಾಕ್ಟೋಮೀಟರ್ (ಬೆಳಕಿನಿಂದ ಸಕ್ಕರೆ ಅಳೆಯುವ ಸಾಧನ) ಕೊಳ್ಳುವವರೂ ಇದ್ದಾರೆ. ಅದು ಹುದುಗುವ ಮುಂಚೆ ಸರಿಯಾಗಿ ತೋರಿಸುತ್ತದೆ. ಆಲ್ಕೋಹಾಲ್ ಬಂದ ಮೇಲೆ, ಲೆಕ್ಕ ಹಾಕಿ ಸರಿಪಡಿಸದಿದ್ದರೆ, ತಪ್ಪು ತೋರಿಸುತ್ತದೆ.

ಪದಾರ್ಥಗಳು, 10 ಲೀಟರಿಗೆ: ಪೇಲ್ ಏಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 2.3 ಕೆಜಿ, ಕ್ಯಾರಮೆಲ್ ಮಾಲ್ಟ್ 200 ಗ್ರಾಂ, ಹಾಪ್ಸ್ (ಕಹಿ, ಪರಿಮಳ ಕೊಡುವ ಒಣ ಹೂ) 40 ಗ್ರಾಂ, ಏಲ್‌ಗೆ ಸಲ್ಲುವ ಒಣ ಯೀಸ್ಟ್ ಒಂದು ಪೊಟ್ಟಣ, ನೀರು 16 ಲೀಟರ್. ಬಾಟಲಿ ತುಂಬುವ ದಿನಕ್ಕೆ 60 ಗ್ರಾಂವರೆಗೆ ಸಕ್ಕರೆ. ಮಾಲ್ಟನ್ನು ಒಡೆಸಿಯೇ ತನ್ನಿ. ಕಾಳು ಎರಡು ಮೂರು ಚೂರಾಗಿರಬೇಕು, ಸಿಪ್ಪೆ ಉಳಿದಿರಬೇಕು. ಮಿಕ್ಸಿಗೆ ಹಾಕಿ ಹಿಟ್ಟು ಮಾಡಿದರೆ ಅಂಟಾಗಿ ಚೀಲದಿಂದ ರಸ ಇಳಿಯುವುದೇ ಇಲ್ಲ.

ಹಾಪ್ಸ್ ಪೊಟ್ಟಣದ ಮೇಲೆ ಆಲ್ಫಾ ಆಮ್ಲ (ಕಹಿ ಕೊಡುವ ಅಂಶ) ಎಷ್ಟು ಶೇಕಡ ಅಂತ ಬರೆದಿರುತ್ತದೆ. ಇಲ್ಲಿ ಕೊಟ್ಟ ಅಳತೆ ಶೇ 5ರಿಂದ 6 ಇರುವ ಹಾಪ್ಸ್‌ಗೆ. ನಿಮ್ಮದು ಶೇ 12 ಇದ್ದರೆ ಮೊದಲ ಸಲ ಹಾಕುವುದನ್ನು ಅರ್ಧ ಮಾಡಿ. ಅಂದಹಾಗೆ, ಮನೆಯಲ್ಲಿ ನಾಯಿ ಇದ್ದರೆ ಹಾಪ್ಸ್ ಅದಕ್ಕೆ ಸಿಗದ ಹಾಗೆ ಇಡಿ. ಕುದಿಸಿ ಬಿಸಾಡುವ ಹಾಪ್ಸ್ ಕೂಡ ನಾಯಿಗೆ ವಿಷ. ಮೈ ವಿಪರೀತ ಬಿಸಿಯಾಗಿ ಸಾಯಬಹುದು.

ಕಾಳು ನೆನೆಸುವ ರಗಳೆ ಬೇಡ ಅನಿಸಿದರೆ 1.3 ಕೆಜಿ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ (ರಸ ಒಣಗಿಸಿ ಮಾಡಿದ ಪುಡಿ) ತಂದು ಹಂತ 4 ಬಿಟ್ಟುಬಿಡಿ. ಆಗ 13 ಲೀಟರ್ ನೀರು ಸಾಕು. ಮೊದಲ ಬ್ಯಾಚಿಗೆ ಇದರಲ್ಲಿ ನಾಚಿಕೆ ಏನೂ ಇಲ್ಲ. ಕಲಿಯಬೇಕಾದ ಮುಖ್ಯ ಕೆಲಸಗಳು ಹೇಗಿದ್ದರೂ ಅದರ ನಂತರವೇ ಬರುತ್ತವೆ.

## ಹಂತ 2: ನೀರು

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಮಾಲ್ಟ್ ಮತ್ತು ಯೀಸ್ಟಿನ ಅಂಶಗಳ ಜೊತೆ ಸೇರಿ ಕ್ಲೋರೋಫಿನಾಲ್ ಆಗುತ್ತದೆ. ಗಾಯದ ಪಟ್ಟಿಯ ವಾಸನೆ ಅದರದೇ. ಅತಿ ಸಣ್ಣ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತದೆ, ಒಮ್ಮೆ ಬಂದರೆ ಹೋಗುವುದಿಲ್ಲ.

ಬರೀ ಕ್ಲೋರಿನ್ ಆದರೆ ಕುದಿಸಿ ಆರಿಸಿದರೆ ಹೋಗುತ್ತದೆ. ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ್ದು) ಹಾಕಿದ ನೀರಿಗೆ ಈ ಉಪಾಯ ನಡೆಯುವುದಿಲ್ಲ. ಎರಡಕ್ಕೂ ಆಗುವುದು ಕ್ಯಾಂಪ್ಡೆನ್ ಮಾತ್ರೆ, ಅಂದರೆ ಮೆಟಾಬೈಸಲ್ಫೈಟ್. ಒಂದು ಮಾತ್ರೆ ಸುಮಾರು 75 ಲೀಟರ್ ನೀರಿಗೆ ಸಾಕು. 16 ಲೀಟರಿಗೆ ಕಾಲು ಮಾತ್ರೆ ಪುಡಿ ಮಾಡಿ ಹಾಕಿ, ಕದಡಿ, ಕೆಲವು ನಿಮಿಷ ಬಿಡಿ.

ಆರ್‌ಒ ನೀರು ಎಕ್ಸ್‌ಟ್ರಾಕ್ಟ್ ಬಳಸುವವರಿಗೆ ಚೆನ್ನಾಗಿಯೇ ಹೊಂದುತ್ತದೆ. ಕಾಳು ನೆನೆಸುವವರಿಗೆ ಅದರಲ್ಲಿ ಕ್ಯಾಲ್ಸಿಯಂ ಸಾಲದು. 16 ಲೀಟರಿಗೆ 3 ಗ್ರಾಂ ಫುಡ್ ಗ್ರೇಡ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಸರಿಹೋಗುತ್ತದೆ. ನೀರಿನ ರಸಾಯನ ಇದಕ್ಕಿಂತ ಜಾಸ್ತಿ ಈಗ ತಲೆಗೆ ಹಚ್ಚಿಕೊಳ್ಳಬೇಡಿ.

## ಹಂತ 3: ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ

ಹೆಚ್ಚು ಬ್ಯಾಚ್ ಹಾಳಾಗುವುದು ಇಲ್ಲಿಯೇ. ತೊಳೆಯುವುದು ಅಂದರೆ ಕಣ್ಣಿಗೆ ಕಾಣುವ ಕೊಳೆ, ಜಿಡ್ಡು, ಒಣಗಿದ ನೊರೆ ತೆಗೆಯುವುದು. ಸ್ಯಾನಿಟೈಸ್ ಅಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು. ಕೊಳೆಯ ಮೇಲೆ ಸ್ಯಾನಿಟೈಸರ್ ಸುರಿದರೆ ಕೊಳೆಯ ಕೆಳಗಿನವು ಆರಾಮಾಗಿ ಬದುಕುತ್ತವೆ. ಆದ್ದರಿಂದ ಮೊದಲು ತೊಳೆಯಬೇಕು, ಆಮೇಲೆ ಸ್ಯಾನಿಟೈಸ್. ಈ ಕ್ರಮ ತಪ್ಪುವಂತಿಲ್ಲ.

ತೊಳೆಯಲು ಸೋಡಿಯಂ ಪರ್ಕಾರ್ಬೊನೇಟ್ ಇರುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಅರ್ಧ ಗಂಟೆ ನೆನೆಹಾಕಿ, ಮೆತ್ತನೆ ಬಟ್ಟೆಯಿಂದ ಒರೆಸಿ, ನೀರಿನಲ್ಲಿ ತೊಳೆದುಬಿಡಿ. ಘಮಘಮ ಸೋಪು ಬೇಡ. ಆ ವಾಸನೆ ಪ್ಲಾಸ್ಟಿಕ್ಕಿಗೆ ಹತ್ತಿಕೊಳ್ಳುತ್ತದೆ, ಸೋಪಿನ ಜಿಡ್ಡು ಬಿಯರಿನ ನೊರೆಯನ್ನೂ ಕೊಲ್ಲುತ್ತದೆ.

ಸ್ಯಾನಿಟೈಸರ್‌ಗೆ ಸ್ಟಾರ್ ಸ್ಯಾನ್ ತರಹದ, ಫಾಸ್ಫಾರಿಕ್ ಆಮ್ಲ ಇರುವ ದ್ರವ ಸುಲಭ. ಲೀಟರ್ ನೀರಿಗೆ ಸುಮಾರು 1.6 ಮಿಲಿ. ಒಂದೆರಡು ನಿಮಿಷ ಮೈ ಒದ್ದೆಯಾಗಿದ್ದರೆ ಸಾಕು. ಆಮೇಲೆ ನೀರಿನಿಂದ ತೊಳೆಯಬೇಡಿ. ಹಾಗೆ ತೊಳೆದರೆ ಮಾಡಿದ್ದೆಲ್ಲ ವ್ಯರ್ಥ. ಅದರ ನೊರೆ ಬಕೆಟ್ಟಿನಲ್ಲಿ ಉಳಿದರೂ ಪರವಾಗಿಲ್ಲ, ಬಿಯರಿಗೆ ಏನೂ ಆಗುವುದಿಲ್ಲ.

ಬ್ಲೀಚ್ ಬಳಸುವವರು ಚೆನ್ನಾಗಿ ತೊಳೆಯಲೇಬೇಕು, ಇಲ್ಲದಿದ್ದರೆ ಅದೇ ಪಟ್ಟಿಯ ವಾಸನೆ ಬರುತ್ತದೆ. ಬ್ಲೀಚನ್ನು ವಿನೆಗರ್ ಅಥವಾ ಬೇರೆ ಯಾವ ಆಮ್ಲದ ಜೊತೆಗೂ ಸೇರಿಸಬೇಡಿ. ವಿಷದ ಗ್ಯಾಸ್ ಬರುತ್ತದೆ.

ಎಲ್ಲರೂ ಮರೆಯುವ ಜಾಗ ಬಕೆಟ್ಟಿನ ನಲ್ಲಿ. ಪ್ರತಿ ಸಲ ಅದನ್ನು ಬಿಚ್ಚಿ, ಬಿಡಿಭಾಗಗಳಾಗಿ ತೊಳೆದು, ಸ್ಯಾನಿಟೈಸರ್‌ನಲ್ಲಿ ಮುಳುಗಿಸಿ, ಮತ್ತೆ ಜೋಡಿಸಿ. ಎರಡನೇ ಮೂರನೇ ಬ್ಯಾಚ್ ಕಾರಣವಿಲ್ಲದೆ ಹುಳಿಯಾದರೆ ಮೊದಲು ನೋಡಬೇಕಾದ್ದು ಈ ನಲ್ಲಿಯನ್ನು.

## ಹಂತ 4: ಮಾಲ್ಟ್ ನೆನೆಸುವುದು

ಕಾಳಿನಲ್ಲಿರುವ ಪಿಷ್ಟವನ್ನು ಸಕ್ಕರೆ ಮಾಡುವ ಕೆಲಸ ಮಾಲ್ಟಿನಲ್ಲೇ ಇರುವ ಕಿಣ್ವಗಳದು. ಅವಕ್ಕೆ ಸರಿಯಾದ ಬಿಸಿ ಕೊಡುವುದಷ್ಟೇ ನಮ್ಮ ಕೆಲಸ.

1. 16 ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಿ ಒಲೆ ಆರಿಸಿ.
2. ಚೀಲವನ್ನು ಪಾತ್ರೆಯೊಳಗೆ ಹರಡಿ, ಅಂಚನ್ನು ಹೊರಗೆ ಮಡಚಿ. ಮಾಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಸಿ. ಒಣ ಗಂಟು ಉಳಿಯಬಾರದು.
3. ಈಗ ಬಿಸಿ 66ರಿಂದ 67 ಡಿಗ್ರಿ ಇರಬೇಕು. ಮುಚ್ಚಿ, ದಪ್ಪ ಕಂಬಳಿ ಸುತ್ತಿ, ಒಂದು ಗಂಟೆ ಬಿಡಿ.
4. ಅರ್ಧ ಗಂಟೆಗೆ ಒಮ್ಮೆ ಕಲಸಿ, ಬಿಸಿ ನೋಡಿ. 63ಕ್ಕಿಂತ ಇಳಿದಿದ್ದರೆ ಚೀಲವನ್ನು ತಳದಿಂದ ಎತ್ತಿ ಹಿಡಿದು ಸಣ್ಣ ಉರಿ ಕೊಡಿ. ಪ್ಲಾಸ್ಟಿಕ್ ಚೀಲ ಬಿಸಿ ತಳಕ್ಕೆ ತಾಗಿದರೆ ಕರಗುತ್ತದೆ.
5. ಚೀಲ ಎತ್ತಿ, ಸೋರಲು ಬಿಟ್ಟು, ದಪ್ಪ ಕೈಗವಸು ಹಾಕಿಕೊಂಡು ಹಿಂಡಿ.

ಕಂಬಳಿ ಸುತ್ತುವ ಮುಂಚೆ ಒಲೆ ಪೂರ್ತಿ ಆರಿದೆಯಾ ನೋಡಿ. ಹೇಳಬೇಕಾದ ಮಾತೇ ಅಲ್ಲ, ಆದರೂ ಹೇಳಿಬಿಡುವುದು ಒಳ್ಳೆಯದು.

ಎರಡು ಮೂರು ಡಿಗ್ರಿ ಆಚೀಚೆ ಆದರೆ ಗಾಬರಿ ಬೇಡ. 64ರ ಹತ್ತಿರ ಇದ್ದರೆ ಬಿಯರ್ ತೆಳು, ಸಿಹಿ ಕಡಿಮೆ. 69ರ ಹತ್ತಿರ ಇದ್ದರೆ ಮಂದ, ಸ್ವಲ್ಪ ಸಿಹಿ. 75 ದಾಟಿಸಿಬಿಟ್ಟರೆ ಮಾತ್ರ ಕಷ್ಟ, ಕಿಣ್ವಗಳು ಬೇಗ ಸಾಯುತ್ತವೆ. ಅನುಮಾನ ಬಂದರೆ ಒಂದು ಚಮಚ ರಸ ತಟ್ಟೆಗೆ ತೆಗೆದು ಒಂದು ಹನಿ ಅಯೋಡಿನ್ ಹಾಕಿ. ಕಡು ನೀಲಿ ಅಥವಾ ಕಪ್ಪಾದರೆ ಪಿಷ್ಟ ಇನ್ನೂ ಉಳಿದಿದೆ, ಇನ್ನರ್ಧ ಗಂಟೆ ಬಿಡಿ. ಆ ಚಮಚದ ರಸ ಚೆಲ್ಲಿಬಿಡಿ, ವಾಪಸ್ ಹಾಕಬೇಡಿ.

## ಹಂತ 5: ಕುದಿಸುವುದು

ಸಿಹಿ ರಸ, ಅಂದರೆ ವರ್ಟ್, ಕುದಿ ಬರುವಾಗ ಒಮ್ಮೆಲೇ ನೊರೆ ಎದ್ದು ಉಕ್ಕುತ್ತದೆ. ಆ ಐದು ನಿಮಿಷ ಒಲೆ ಬಿಟ್ಟು ಕದಲಬೇಡಿ. ಉರಿ ತಗ್ಗಿಸಿ, ನೊರೆಯ ಮೇಲೆ ತಣ್ಣೀರು ಚಿಮುಕಿಸಿ. ನೊರೆ ಇಳಿದ ಮೇಲೆ ಗಡಿಯಾರ ನೋಡಿ 20 ಗ್ರಾಂ ಹಾಪ್ಸ್ ಹಾಕಿ. 50 ನಿಮಿಷಕ್ಕೆ 10 ಗ್ರಾಂ. 60 ನಿಮಿಷಕ್ಕೆ ಒಲೆ ಆರಿಸಿ ಉಳಿದ 10 ಗ್ರಾಂ. ಮೊದಲು ಹಾಕಿದ್ದು ಕಹಿಗೆ, ಕೊನೆಗೆ ಹಾಕಿದ್ದು ಪರಿಮಳಕ್ಕೆ.

ಪೂರ್ತಿ ಮುಚ್ಚಿ ಕುದಿಸಬೇಡಿ. ಬೇಯಿಸಿದ ಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡ್ ಹಬೆಯ ಜೊತೆ ಹೋಗಬೇಕು. ಎಕ್ಸ್‌ಟ್ರಾಕ್ಟ್ ಬಳಸುವವರು ನೀರು ಕಾದ ಮೇಲೆ ಒಲೆ ಆರಿಸಿ, ಪುಡಿ ಪೂರ್ತಿ ಕರಗಿಸಿ, ಮತ್ತೆ ಉರಿ ಹಚ್ಚಲಿ. ಇಲ್ಲದಿದ್ದರೆ ತಳ ಹಿಡಿಯುತ್ತದೆ.

## ಹಂತ 6: ತಣಿಸುವುದು, ಯೀಸ್ಟ್ ಹಾಕುವುದು

ಇಲ್ಲಿಂದ ಮುಂದೆ ರಸಕ್ಕೆ ತಾಗುವ ಪ್ರತಿಯೊಂದೂ ಸ್ಯಾನಿಟೈಸ್ ಆಗಿರಬೇಕು. ಚಮಚ, ಥರ್ಮಾಮೀಟರಿನ ತುದಿ, ಯೀಸ್ಟ್ ಪೊಟ್ಟಣ, ಅದನ್ನು ಕತ್ತರಿಸುವ ಕತ್ತರಿ, ನಿಮ್ಮ ಕೈ, ಎಲ್ಲವೂ. ಸ್ಪ್ರೇ ಬಾಟಲಿ ಪಕ್ಕದಲ್ಲೇ ಇರಲಿ.

ಪಾತ್ರೆ ಮುಚ್ಚಿ, ದೊಡ್ಡ ಟಬ್ಬಿನ ತಣ್ಣೀರಿನಲ್ಲಿ ಕೂರಿಸಿ. ನೀರು ಬೆಚ್ಚಗಾದಾಗಲೆಲ್ಲ ಬದಲಿಸಿ, ಕೊನೆಗೆ ಟಬ್ಬಿಗೆ ಐಸ್ ಹಾಕಿ. ರಸದೊಳಗೆ ಐಸ್ ಹಾಕಬೇಡಿ, ಆ ಐಸ್ ಶುದ್ಧ ಅನ್ನುವ ಖಾತರಿ ಇಲ್ಲ. ನಡುನಡುವೆ ಪಾತ್ರೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ಬೇಗ ತಣಿಯುತ್ತದೆ.

18ರಿಂದ 20 ಡಿಗ್ರಿಗೆ ಬರುವವರೆಗೆ ಕಾಯಿರಿ. ಕೈಯಿಂದ ಪಾತ್ರೆ ಮುಟ್ಟಿ ತಣ್ಣಗಾಯಿತು ಅಂದುಕೊಳ್ಳುವುದು ದೊಡ್ಡ ತಪ್ಪು. ಮುಟ್ಟಿದರೆ ಉಗುರುಬೆಚ್ಚಗೆ ಅನಿಸುವ ರಸ 35 ಡಿಗ್ರಿ ಇರಬಹುದು. ಅಷ್ಟು ಬಿಸಿಯಲ್ಲಿ ಯೀಸ್ಟ್ ಸಾಯುವುದಿಲ್ಲ, ಹುಚ್ಚೆದ್ದು ಓಡುತ್ತದೆ. ಅದರಿಂದ ಬರುವ ಬಿಸಿ ಸ್ಪಿರಿಟ್ಟಿನ ರುಚಿ ಬಾಟಲಿಯಲ್ಲಿ ಎಷ್ಟು ದಿನ ಇಟ್ಟರೂ ಪೂರ್ತಿ ಹೋಗುವುದಿಲ್ಲ.

ತಣಿದ ರಸವನ್ನು ಬಕೆಟ್ಟಿಗೆ ಸುರಿಯಿರಿ, ತಳದ ಗಷ್ಟು ಆದಷ್ಟು ಪಾತ್ರೆಯಲ್ಲೇ ಉಳಿಯಲಿ. ಅಳತೆ ಕೊಳವೆಗೆ ಸ್ವಲ್ಪ ತೆಗೆದು ಹೈಡ್ರೋಮೀಟರ್ ಓದಿ ಬರೆದಿಡಿ. 1.048ರಿಂದ 1.052 ಬಂದರೆ ಚೆನ್ನ. ಹೆಚ್ಚಿದ್ದರೆ ಕುದಿಸಿ ಆರಿಸಿದ ನೀರು ಸೇರಿಸಬಹುದು. ಲೆಕ್ಕ ಸುಲಭ: 9 ಲೀಟರ್ ರಸ 1.055 ಇದೆ ಅಂತಿಟ್ಟುಕೊಳ್ಳಿ. 9 ಗುಣಿಸು 55 ಅಂದರೆ 495. ಅದನ್ನು 50ರಿಂದ ಭಾಗಿಸಿದರೆ 9.9. ಅಂದರೆ 9.9 ಲೀಟರ್ ಆಗುವಷ್ಟು ನೀರು ಹಾಕಿದರೆ 1.050 ಆಗುತ್ತದೆ. ಕಡಿಮೆ ಬಂದಿದ್ದರೆ ಹಾಗೇ ಬಿಡಿ. ಸ್ವಲ್ಪ ಹಗುರದ ಬಿಯರ್ ಆಗುತ್ತದೆ, ಅಷ್ಟೇ.

ಮುಚ್ಚಳ ಹಾಕಿ ಒಂದೆರಡು ನಿಮಿಷ ಅಲ್ಲಾಡಿಸಿ. ಯೀಸ್ಟ್ ಬೆಳೆಯಲು ಗಾಳಿ ಬೇಕು. ಬಿಯರಿಗೆ ಗಾಳಿ ಬೇಕಾದ್ದು ಇದೊಂದೇ ಹೊತ್ತಿನಲ್ಲಿ. ಆಮೇಲೆ ಯೀಸ್ಟನ್ನು ಮೇಲೆ ಹರಡಿದಂತೆ ಉದುರಿಸಿ, ಮುಚ್ಚಿ, ಏರ್‌ಲಾಕಿನ ಗುರುತಿನವರೆಗೆ ಸ್ಯಾನಿಟೈಸರ್ ತುಂಬಿ. 11 ಗ್ರಾಂ ಪೊಟ್ಟಣ 20 ಲೀಟರಿಗೆ ಆಗುವಂಥದ್ದು. ಆದರೆ ಪೂರ್ತಿ ಹಾಕಿದರೂ ತೊಂದರೆಯಿಲ್ಲ. ತೆರೆದ ಅರ್ಧ ಪೊಟ್ಟಣ ಉಳಿಸಿಕೊಂಡು ಏನು ಮಾಡ್ತೀರಿ?

## ಹಂತ 7: ಹುದುಗುವಾಗಿನ ಶಾಖ

ಇಡೀ ಕೆಲಸದಲ್ಲಿ ಒಂದೇ ಒಂದನ್ನು ಸರಿಯಾಗಿ ಮಾಡಲು ನಿಮ್ಮಿಂದ ಆಗುವುದಾದರೆ ಇದನ್ನು ಮಾಡಿ. ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಹದ. ಇದು ಕೋಣೆಯ ಶಾಖ ಅಲ್ಲ, ಬಕೆಟ್ಟಿನೊಳಗಿನ ಶಾಖ. ಹುದುಗುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುತ್ತದೆ. ಜೋರಾಗಿ ಕೆಲಸ ಮಾಡುವ ಎರಡು ಮೂರು ದಿನ ಒಳಗಿನ ಶಾಖ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚಿರಬಹುದು. ಕೋಣೆ 22 ಇದೆ, ಸಾಕು ಅಂದುಕೊಂಡವರ ಬಕೆಟ್ಟು ಒಳಗೆ 26 ಇರುತ್ತದೆ.

ಒಳಗಿನ ಶಾಖ ತಿಳಿಯಲು ಥರ್ಮಾಮೀಟರಿನ ತುದಿಯನ್ನು ಬಕೆಟ್ಟಿನ ಹೊರಮೈಗೆ ಅಂಟಿಸಿ, ಅದರ ಮೇಲೆ ದಪ್ಪ ಸ್ಪಂಜು ಕಟ್ಟಿ. ರಸದ ಮಟ್ಟಕ್ಕಿಂತ ಕೆಳಗೆ ಇರಲಿ.

ಕೋಣೆ ಬಿಸಿ ಇದ್ದರೆ ಬಕೆಟ್ಟನ್ನು ನೀರು ತುಂಬಿದ ಟಬ್ಬಿನಲ್ಲಿ ಕೂರಿಸಿ. ನೀರು ತುಂಬಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಬಾಟಲಿಗಳನ್ನು ಬೆಳಿಗ್ಗೆ ಸಂಜೆ ಟಬ್ಬಿಗೆ ಬದಲಿಸುತ್ತಿರಿ. ಬಕೆಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿದರೆ ಇನ್ನೂ ಎರಡು ಡಿಗ್ರಿ ಇಳಿಯುತ್ತದೆ. ಮೊದಲ ಮೂರು ನಾಲ್ಕು ದಿನ ಈ ಪಾಡು ಪಟ್ಟರೆ ಸಾಕು. ಕೆಟ್ಟ ರುಚಿ ಹುಟ್ಟುವುದು ಆ ದಿನಗಳಲ್ಲೇ. ಐದನೇ ದಿನದಿಂದ 21, 22ಕ್ಕೆ ಏರಲು ಬಿಡಿ. ಬೆಣ್ಣೆಯ ವಾಸನೆ ಕೊಡುವ ಡಯಾಸಿಟೈಲನ್ನು ಯೀಸ್ಟ್ ಆಗ ತಾನೇ ತಿಂದು ಮುಗಿಸುತ್ತದೆ.

ಇದ್ಯಾವುದೂ ಆಗದಷ್ಟು ಸೆಕೆಯಾ? ಹಾಗಾದರೆ ಯೀಸ್ಟನ್ನೇ ಬದಲಿಸಿ. ನಾರ್ವೆಯ ಹಳ್ಳಿಮನೆಗಳಿಂದ ಬಂದ ಕ್ವೈಕ್ ಯೀಸ್ಟ್ 30ರಿಂದ 40 ಡಿಗ್ರಿಯಲ್ಲಿಯೂ ಚೊಕ್ಕವಾಗಿ ಕೆಲಸ ಮಾಡುತ್ತದೆ. ಅದರಲ್ಲಿ ವೋಸ್ ಅನ್ನುವ ಬಗೆಗೆ ಕಿತ್ತಳೆಯ ಸಣ್ಣ ಪರಿಮಳ ಇದೆ. ಸೆಕೆಯ ಜೊತೆ ಗುದ್ದಾಡುವುದಕ್ಕಿಂತ ಇದು ಎಷ್ಟೋ ಮೇಲು.

### ಗಾಬರಿ ಪಡಬೇಡಿ, ಗಾಬರಿ ಪಡಿ

ಏರ್‌ಲಾಕಿನಲ್ಲಿ ಗುಳ್ಳೆ ಬಂದಿಲ್ಲ ಅಂತ ಹುದುಗುತ್ತಿಲ್ಲ ಅಂದುಕೊಳ್ಳಬೇಡಿ. ಮುಚ್ಚಳದ ಸಂದಿಯಿಂದ ಗ್ಯಾಸ್ ಹೋಗುತ್ತಿರಬಹುದು. ಮೇಲೆ ದಪ್ಪ ನೊರೆ, ಕಂದು ಬಣ್ಣದ ಗಂಟು, ಗೋಡೆಗೆ ಅಂಟಿದ ಪಟ್ಟಿ, ಒಂದೆರಡು ದಿನ ಗಂಧಕದ ವಾಸನೆ, ಇವೆಲ್ಲ ಸರಿಯೇ. ನೊರೆ ಏರ್‌ಲಾಕ್‌ವರೆಗೆ ಬಂದರೆ ಅದನ್ನು ತೆಗೆದು ದಪ್ಪ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ಯಾನಿಟೈಸರ್ ಇರುವ ಪಾತ್ರೆಯಲ್ಲಿ ಮುಳುಗಿಸಿ. ಏರ್‌ಲಾಕ್ ಕಟ್ಟಿಕೊಂಡರೆ ಒತ್ತಡಕ್ಕೆ ಮುಚ್ಚಳವೇ ಹಾರುತ್ತದೆ.

ಎರಡು ದಿನವಾದರೂ ನೊರೆಯೂ ಇಲ್ಲ, ಹೈಡ್ರೋಮೀಟರ್ ಇಳಿದೂ ಇಲ್ಲ ಅಂದರೆ ಹೊಸ ಯೀಸ್ಟ್ ಹಾಕಿ. ನೊರೆ ಇಳಿದ ಮೇಲೆ ಬಿಳಿ ಸುಕ್ಕುಸುಕ್ಕು ಪೊರೆ ಕಂಡರೆ ಹೊರಗಿನ ಜೀವಿಗಳು ಸೇರಿವೆ. ಹಸಿರು ಅಥವಾ ಕಪ್ಪು ತುಪ್ಪಟದ ಬೂಷ್ಟು ಬಂದರೆ ಮೇಲಿನದು ತೆಗೆದು ಉಳಿದದ್ದು ಕುಡಿಯುವ ಸಾಹಸ ಬೇಡ, ಚೆಲ್ಲಿಬಿಡಿ.

ಮತ್ತೆ ಮತ್ತೆ ಮುಚ್ಚಳ ತೆರೆದು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಹತ್ತನೇ ದಿನ ನಲ್ಲಿಯಿಂದ ಸ್ವಲ್ಪ ತೆಗೆದು ಹೈಡ್ರೋಮೀಟರ್ ಓದಿ. ಮೂರು ದಿನ ಬಿಟ್ಟು ಮತ್ತೆ ಓದಿ. ಎರಡೂ ಒಂದೇ ಇದ್ದು, 1.010 ಆಸುಪಾಸಿನಲ್ಲಿದ್ದರೆ ಮುಗಿಯಿತು. ಓದಲು ತೆಗೆದದ್ದನ್ನು ಬಕೆಟ್ಟಿಗೆ ಹಾಕಬೇಡಿ, ಕುಡಿದು ರುಚಿ ನೋಡಿ. ಪ್ರತಿ ಸಲ ತೆಗೆದ ಮೇಲೆ ನಲ್ಲಿಯ ಬಾಯಿಗೆ ಸ್ಯಾನಿಟೈಸರ್ ಸ್ಪ್ರೇ ಮಾಡಿ.

ಆಲ್ಕೋಹಾಲ್ ಎಷ್ಟಿದೆ ಅಂತ ತಿಳಿಯಲು ಮೊದಲ ಓದಿನಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿ. 1.050ರಿಂದ 1.010ಕ್ಕೆ ಇಳಿದಿದ್ದರೆ 0.040 ಗುಣಿಸು 131.25, ಅಂದರೆ ಶೇ 5.25.

1.020ರಲ್ಲೇ ನಿಂತುಬಿಟ್ಟಿದ್ದರೆ ಬಾಟಲಿ ತುಂಬಬೇಡಿ. 22 ಡಿಗ್ರಿಗೆ ಬೆಚ್ಚಗೆ ಮಾಡಿ, ತಳದ ಯೀಸ್ಟ್ ಏಳುವಂತೆ ಬಕೆಟ್ಟನ್ನು ಮೆಲ್ಲಗೆ ಸುತ್ತಿಸಿ, ಇನ್ನೊಂದು ವಾರ ಕೊಡಿ.

## ಹಂತ 8: ಬಾಟಲಿ ತುಂಬುವುದು

ಸಿಡಿಯುವುದು, ಗ್ಯಾಸ್ ಬರದಿರುವುದು, ಎರಡೂ ಇಲ್ಲಿಯ ತಪ್ಪಿನಿಂದ. ಬಿಯರಿನಲ್ಲಿ ಉಳಿದ ಯೀಸ್ಟಿಗೆ ಅಳೆದು ಸ್ವಲ್ಪ ಸಕ್ಕರೆ ಕೊಡುತ್ತೇವೆ, ಅದು ಮುಚ್ಚಿದ ಬಾಟಲಿಯಲ್ಲಿ ಗ್ಯಾಸ್ ಮಾಡುತ್ತದೆ. ಲೀಟರಿಗೆ 6 ಗ್ರಾಂ ಸಾಕು. ಚಮಚದ ಅಂದಾಜು ಬೇಡ, ತೂಕ ಹಾಕಿ. ಬಕೆಟ್ಟಿಗೆ 10 ಲೀಟರ್ ಹಾಕಿದ್ದರೂ ಗಷ್ಟು ಕಳೆದು 9 ಲೀಟರ್ ಸಿಗುತ್ತದೆ, ಸಕ್ಕರೆ ಆ 9 ಲೀಟರಿನ ಲೆಕ್ಕಕ್ಕೆ, ಅಂದರೆ 54 ಗ್ರಾಂ.

ಬಾಟಲಿ ಬಿಯರಿನದೇ ಆಗಿರಬೇಕು, ಅಥವಾ ಸೋಡಾ ತುಂಬುವ ಗಟ್ಟಿ ಪ್ಲಾಸ್ಟಿಕ್. ವೈನ್ ಬಾಟಲಿ, ಜ್ಯೂಸ್ ಬಾಟಲಿ, ಅಲಂಕಾರದ ಗಾಜಿನ ಬಾಟಲಿ ಯಾವುದೂ ಈ ಒತ್ತಡ ತಡೆಯುವುದಿಲ್ಲ. ಕಂದು ಗಾಜಾದರೆ ಒಳ್ಳೆಯದು. ಬಿಳಿ, ಹಸಿರು ಗಾಜಿನೊಳಗೆ ಬೆಳಕು ಬಿದ್ದರೆ ಹಾಪ್ಸಿನ ಅಂಶ ಒಡೆದು ನಾತ ಹೊಡೆಯುತ್ತದೆ.

1. ಹಿಂದಿನ ದಿನವೇ ಬಾಟಲಿ ತೊಳೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ತಳ ನೋಡಿ. ಆ ದಿನ ಸ್ಯಾನಿಟೈಸ್ ಮಾಡಿ.
2. ಸಕ್ಕರೆಯನ್ನು 150 ಮಿಲಿ ನೀರಿನಲ್ಲಿ ಐದು ನಿಮಿಷ ಕುದಿಸಿ ಆರಿಸಿ.
3. ಸ್ಯಾನಿಟೈಸ್ ಮಾಡಿದ ಇನ್ನೊಂದು ಬಕೆಟ್ಟಿನ ತಳಕ್ಕೆ ಈ ಪಾಕ ಸುರಿದು, ಅದರ ಮೇಲೆ ಬಿಯರನ್ನು ಸೈಫನ್ ಮಾಡಿ. ಪೈಪಿನ ತುದಿ ತಳದಲ್ಲೇ ಮುಳುಗಿರಲಿ. ಸೈಫನ್ ಶುರು ಮಾಡಲು ಪೈಪಿಗೆ ಬಾಯಿ ಹಾಕಬೇಡಿ.
4. ಸ್ಯಾನಿಟೈಸ್ ಮಾಡಿದ ಚಮಚದಿಂದ ನೊರೆ ಏಳದಂತೆ ಕದಡಿ. ಸರಿಯಾಗಿ ಬೆರೆಯದಿದ್ದರೆ ಅರ್ಧ ಬಾಟಲಿ ಸಪ್ಪೆ, ಇನ್ನರ್ಧ ಬಾಂಬು.
5. ತುಂಬುವ ಕೋಲನ್ನು ತಳಕ್ಕೆ ಮುಟ್ಟಿಸಿ ಬಾಯಿಯವರೆಗೆ ತುಂಬಿ. ಕೋಲು ತೆಗೆದಾಗ ಸುಮಾರು 3 ಸೆಂಮೀ ಖಾಲಿ ಉಳಿಯುತ್ತದೆ. ಕೂಡಲೇ ಮುಚ್ಚಳ ಒತ್ತಿ.

ಎರಡನೇ ಬಕೆಟ್ ಇಲ್ಲದಿದ್ದರೆ ಬಾಟಲಿಗೇ ನೇರವಾಗಿ ಸಕ್ಕರೆ ಹಾಕಬಹುದು. 330 ಮಿಲಿಗೆ 2 ಗ್ರಾಂ, 650 ಮಿಲಿಗೆ 4 ಗ್ರಾಂ.

ಇಲ್ಲಿ ಗಾಳಿ ಶತ್ರು. ಸುರಿದು, ಚೆಲ್ಲಾಡಿ, ನೊರೆ ಎಬ್ಬಿಸಿ ತುಂಬಿದ ಬಿಯರ್ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ.

ಒಂದು ಬಾಟಲಿಯಾದರೂ ಪ್ಲಾಸ್ಟಿಕ್ಕಿನದು ಇರಲಿ. ದಿನಾ ಅದನ್ನು ಹಿಚುಕಿ ನೋಡಿದರೆ ಎಲ್ಲ ಬಾಟಲಿಗಳ ಸ್ಥಿತಿ ತಿಳಿಯುತ್ತದೆ. ಕಲ್ಲಿನ ಹಾಗೆ ಗಟ್ಟಿಯಾದರೆ ಗ್ಯಾಸ್ ಬಂದಿದೆ.

## ಹಂತ 9: ಕಾಯುವುದು

ಬಾಟಲಿಗಳನ್ನು ಕತ್ತಲಲ್ಲಿ, 20ರಿಂದ 25 ಡಿಗ್ರಿಯಲ್ಲಿ, ಮುಚ್ಚಿದ ಡಬ್ಬ ಅಥವಾ ರಟ್ಟಿನ ಪೆಟ್ಟಿಗೆಯೊಳಗೆ ಎರಡು ವಾರ ನಿಲ್ಲಿಸಿಡಿ. ತುಂಬಿದ ದಿನವೇ ಫ್ರಿಜ್ಜಿಗೆ ಇಡುವುದರಿಂದಲೇ ಹಲವರಿಗೆ ಗ್ಯಾಸ್ ಬರುವುದಿಲ್ಲ. ಚಳಿಗೆ ಯೀಸ್ಟ್ ಮಲಗಿಬಿಡುತ್ತದೆ. ಎರಡು ವಾರ ಆದ ಮೇಲೆ ಒಂದನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು ತೆರೆಯಿರಿ. ತಳದ ಯೀಸ್ಟನ್ನು ಬಾಟಲಿಯಲ್ಲೇ ಬಿಟ್ಟು ಒಂದೇ ಸಲಕ್ಕೆ ಲೋಟಕ್ಕೆ ಬಗ್ಗಿಸಿ.

ತೆರೆದ ಕೂಡಲೇ ಕಾರಂಜಿಯಾಗಿ ಚಿಮ್ಮಿದರೆ ಉಳಿದವೂ ಅಪಾಯದಲ್ಲಿವೆ. ಅವನ್ನು ಬರಿಗೈಲಿ ಮುಟ್ಟಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗವಸು ಹಾಕಿ, ಬಾಟಲಿಗಳ ಮೇಲೆ ಟವೆಲ್ ಹೊದಿಸಿ ಫ್ರಿಜ್ಜಿಗೆ ಸಾಗಿಸಿ. ಚೆನ್ನಾಗಿ ತಣಿದ ಮೇಲೆ ಒಂದೊಂದೇ ತೆರೆದು ಗ್ಯಾಸ್ ಬಿಡಿ.

## ಹಂತ 10: ರುಚಿ ನೋಡಿ ತಪ್ಪು ಹಿಡಿಯುವುದು

ಬೆಣ್ಣೆಯ ವಾಸನೆ ಬಂದರೆ ಬೇಗ ಬಾಟಲಿ ತುಂಬಿದ್ದೀರಿ. ಹಸಿ ಸೇಬಿನ ವಾಸನೆಗೂ ಸಾಮಾನ್ಯವಾಗಿ ಅದೇ ಕಾರಣ. ಎರಡೂ ಬೆಚ್ಚಗೆ ಇನ್ನಷ್ಟು ದಿನ ಇಟ್ಟರೆ ಕಡಿಮೆಯಾಗಬಹುದು. ಸ್ಪಿರಿಟ್ಟಿನ ಹಾಗೆ ಗಂಟಲು ಸುಟ್ಟರೆ ಹುದುಗುವಾಗ ಶಾಖ ಜಾಸ್ತಿಯಾಗಿದೆ. ಗಾಯದ ಪಟ್ಟಿಯ ವಾಸನೆಗೆ ಮೊದಲು ನೀರನ್ನು ನೋಡಿ, ಆಮೇಲೆ ಶುಚಿಯನ್ನು. ಕೆಲವು ಕಾಡು ಯೀಸ್ಟುಗಳೂ ಅಂಥದೇ ವಾಸನೆ ಕೊಡುತ್ತವೆ. ಹುಳಿ ಅಂದರೆ ಶುಚಿಯಲ್ಲೇ ಲೋಪ, ಅನುಮಾನವೇ ಬೇಡ. ಸರಿಯಾಗಿ ಸಕ್ಕರೆ ಹಾಕಿದರೂ ವಾರದಿಂದ ವಾರಕ್ಕೆ ಗ್ಯಾಸ್ ಏರುತ್ತಲೇ ಹೋದರೆ ಅದೂ ಶುಚಿಯದ್ದೇ.

ಮುಂದಿನ ಬ್ಯಾಚಿನಲ್ಲಿ ಒಂದನ್ನೇ ಬದಲಿಸಿ. ಯೀಸ್ಟ್, ಹಾಪ್ಸ್, ಮಾಲ್ಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರೂ ಹೇಳಲಾರರು.

## ಹಂತ 11: ಸೆಟಪ್ ಬೆಳೆಸುವುದು

ಎರಡು ಮೂರು ಬ್ಯಾಚ್ ಚೆನ್ನಾಗಿ ಬಂದ ಮೇಲೆ ದುಡ್ಡು ಹಾಕುವ ಕ್ರಮ ಹೀಗಿರಲಿ.

ಮೊದಲು ಹಳೆಯ ಫ್ರಿಜ್ ಮತ್ತು ಅದನ್ನು ಆನ್ ಆಫ್ ಮಾಡುವ ಶಾಖ ನಿಯಂತ್ರಕ. ಅದರ ಸೆನ್ಸರನ್ನು ಬಕೆಟ್ಟಿನ ಮೈಗೆ ಅಂಟಿಸಿ. ಮಿಕ್ಕ ಸಾಮಾನೆಲ್ಲ ಒಂದು ತೂಕವಾದರೆ ಇದೊಂದೇ ಒಂದು ತೂಕ. ಇದು ಬಂದರೆ ಲಾಗರ್ ಕೂಡ ಮಾಡಬಹುದು.

ಆಮೇಲೆ ತಾಮ್ರದ ಸುರುಳಿ ಕೊಳವೆ. ಕುದಿ ಮುಗಿಯುವ 15 ನಿಮಿಷ ಮುಂಚೆ ಅದನ್ನು ರಸದಲ್ಲಿ ಇಳಿಸಿದರೆ ಬಿಸಿಗೇ ಶುದ್ಧವಾಗುತ್ತದೆ. ಒಲೆ ಆರಿಸಿ ಒಳಗೆ ತಣ್ಣೀರು ಹರಿಸಿದರೆ ಐಸಿನ ಟಬ್ಬಿಗಿಂತ ಎಷ್ಟೋ ಬೇಗ ತಣಿಯುತ್ತದೆ. 20 ಲೀಟರಿನ ಬ್ಯಾಚಿಗೆ ಹೋಗುವವರು ಇದು ಬಂದ ಮೇಲೆಯೇ ದೊಡ್ಡ ಪಾತ್ರೆ ಕೊಳ್ಳಿ, ಮುಂಚೆ ಬೇಡ. ಮಾಲ್ಟ್ ಒಡೆಯುವ ಗಿರಣಿ ಮೂರನೆಯದು. ಒಡೆಯದ ಮಾಲ್ಟ್ ಜಾಸ್ತಿ ದಿನ ಬಾಳುತ್ತದೆ, ಮೂಟೆಗಟ್ಟಲೆ ತಂದಿಡಬಹುದು.

ಬಾಟಲಿ ತೊಳೆದು ಬೇಸತ್ತವರು ಕೊನೆಗೆ ಸ್ಟೀಲ್ ಪೀಪಾಯಿಗೆ, ಅಂದರೆ ಕೆಗ್‌ಗೆ ಬರುತ್ತಾರೆ. 19 ಲೀಟರಿನ ಕಾರ್ನೆಲಿಯಸ್ ಕೆಗ್, ರೆಗ್ಯುಲೇಟರ್, ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಎಲ್ಲ ಹಿಡಿಸುವ ಫ್ರಿಜ್ ಬೇಕು. ಸಿಲಿಂಡರನ್ನು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಇಡಬೇಡಿ. ಗ್ಯಾಸ್ ಸೋರಿದರೆ ವಾಸನೆ ಬರುವುದಿಲ್ಲ, ನೆಲದ ಹತ್ತಿರ ತುಂಬಿಕೊಳ್ಳುತ್ತದೆ. ಹೊಸದಾಗಿ ಜೋಡಿಸಿದ ದಿನ ಎಲ್ಲ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಆಮೇಲೆ ಬಿಯರ್ ತುಂಬಿ.